ಸೂಟು ಹಾಕಿದ ಗೂಡ್ಸ್ ಗಾಡಿ

ಮರ್ಸಿಡಿಸ್ ಕಂಪನಿಯ ಐಷಾರಾಮಿ ವ್ಯಾನ್ ವಿ-ಕ್ಲಾಸ್ ಫೋಟೋ ನೋಡಿ ಗೆಳೆಯನೊಬ್ಬ "ಎಷ್ಟೇ ಲೆದರ್ ಹೊದಿಸಿದ್ರೂ ಅದು ಗೂಡ್ಸ್ ಗಾಡಿನೇ ಬಿಡಯ್ಯಾ" ಅಂತ ನಕ್ಕ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಬೈದ ಹಾಗೆ ಹೇಳಿದ್ನಲ್ಲ, ಅದಕ್ಕೆ ನನ್ನ ತಕರಾರು.

ಅದೇ ಕಂಪನಿಯ ವಿಟೊ ವ್ಯಾನ್ ಸಾಮಾನು ಹೊರುತ್ತೆ, ವಿ-ಕ್ಲಾಸ್ ಸಾಹೇಬರನ್ನು ಹೊರುತ್ತೆ. ಎರಡೂ 2014ರಲ್ಲಿ ಬಂದವು, ಎರಡೂ ಹುಟ್ಟೋದು ಸ್ಪೇನಿನ ವಿಟೋರಿಯಾ ಕಾರ್ಖಾನೆಯಲ್ಲಿ. ಉದ್ದವೂ ಅದೇ, 4.9 ಮೀಟರಿಂದ 5.37 ಮೀಟರ್ ತನಕ ಮೂರು ಅಳತೆ. ಹಾಗಾದ್ರೆ ವಿ-ಕ್ಲಾಸಿಗೆ ಕೊಡೋ ಜಾಸ್ತಿ ದುಡ್ಡು ಬರೀ ಸೀಟಿಗಾ?

ಅಲ್ಲ. ಸ್ಪ್ರಿಂಗ್ ನೋಡಿ. ಸಾಮಾನು ವ್ಯಾನಿನ ಸ್ಪ್ರಿಂಗ್ ಸುಮಾರು ಒಂದು ಟನ್ ತಡೀಬೇಕು, ಹಾಗಾಗಿ ಗಟ್ಟಿ ಇರುತ್ತೆ. ಡ್ರೈವರ್ ಒಬ್ಬನೇ ಖಾಲಿ ಗಾಡಿ ಓಡಿಸಿದರೆ ಹಿಂಭಾಗ ಕುಣಿಯೋದು ಅದಕ್ಕೇ, ಲೋಡ್ ಬಿದ್ದ ಮೇಲೆ ಅದೇ ಗಾಡಿ ಸಾಧುವಾಗುತ್ತೆ. ಜನ ಕೂರುವ ವ್ಯಾನಲ್ಲಿ ಆ ಭಾರ ಇಲ್ಲ, ಸ್ಪ್ರಿಂಗ್ ಮೆತ್ತಗೆ ಮಾಡಬಹುದು. ಟೊಯೋಟಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು: 2019ರ ಅದರ ವ್ಯಾನ್ ಹಯಾಸ್‌ನ ಹಿಂದೆ ಲೀಫ್ ಸ್ಪ್ರಿಂಗ್, ಅಂದ್ರೆ ಕಮಾನು ಪಟ್ಟಿ. ಅದೇ ಗಾಡಿಯ ಮೇಲೆ ಕಟ್ಟಿದ, ಜನ ಕೂರುವ ವ್ಯಾನ್ ಗ್ರಾನ್‌ಏಸ್‌ಗೆ ಪಟ್ಟಿ ಕಿತ್ತು ಕಾಯಿಲ್ ಸ್ಪ್ರಿಂಗ್, ಅಂದ್ರೆ ಸುರುಳಿ ಸ್ಪ್ರಿಂಗ್ ಕೊಟ್ಟರು.

ಇನ್ನೊಂದು ವಿಷಯ, ಸದ್ದು. ಖಾಲಿ ವ್ಯಾನ್ ಅಂದ್ರೆ ದೊಡ್ಡ ತಗಡಿನ ಡಬ್ಬ, ಟೈರಿನ ಸದ್ದೆಲ್ಲ ಒಳಗೆ ಸೇರಿ ಡೋಲು ಬಾರಿಸಿದ ಹಾಗಾಗುತ್ತೆ. ಅದನ್ನು ಅಡಗಿಸೋಕೆ ತಗಡಿನ ಹಿಂದೆ ಪ್ಯಾಡು, ನೆಲಕ್ಕೆ ದಪ್ಪ ಕಾರ್ಪೆಟ್ಟು, ಇನ್ನೂ ಏನೇನೋ ಬೇಕು. ಯಾವುದೂ ಬ್ರೋಷರ್ ಫೋಟೋದಲ್ಲಿ ಕಾಣಲ್ಲ. ದುಡ್ಡು ಹೋಗೋದು ಅಲ್ಲಿ, ತೂಕ ಏರೋದೂ ಅಲ್ಲೇ. ಆಂಬಿಯೆಂಟ್ ಲೈಟು, ಮಡಚೋ ಟೇಬಲ್ಲು ಎಲ್ಲ ಸುಮ್ನೆ ಶೋಕಿ.

ಆದರೂ ಬೇರು ಪೂರ್ತಿ ಮುಚ್ಚೋಕಾಗಲ್ಲ. ನೆಲ ಎತ್ತರ, ವಯಸ್ಸಾದವರು ಹತ್ತುವಾಗ ಗೊತ್ತಾಗುತ್ತೆ. ಟೊಯೋಟಾದ್ದೇ ಇನ್ನೊಂದು ಜನ ಕೂರುವ ವ್ಯಾನ್ ಆಲ್ಫಾರ್ಡ್ ಇಲ್ಲಿ ಗೆಲ್ಲುತ್ತೆ, ಯಾಕಂದ್ರೆ 2023ರ ಆಲ್ಫಾರ್ಡ್ ಕ್ಯಾಮ್ರಿ ಕಾರಿನ ನೆಂಟ, ಹಯಾಸ್‌ನ ನೆಂಟ ಅಲ್ಲ. ಫೋಕ್ಸ್‌ವ್ಯಾಗನ್ನಿಗೂ ಇದು ಗೊತ್ತಾದಂತಿದೆ. ಎಷ್ಟೋ ವರ್ಷ ಅದರ ಸಾಮಾನು ವ್ಯಾನ್ ಟ್ರಾನ್ಸ್‌ಪೋರ್ಟರ್ ಮತ್ತು ಜನ ಕೂರುವ ಮಲ್ಟಿವ್ಯಾನ್ ಒಂದೇ ಗಾಡಿ. 2021ರಲ್ಲಿ ಮಲ್ಟಿವ್ಯಾನ್ ಗಾಲ್ಫ್ ಕಾರಿನ ಬಳಗಕ್ಕೆ ಸೇರಿತು, ಆಮೇಲೆ ಬಂದ ಹೊಸ ಟ್ರಾನ್ಸ್‌ಪೋರ್ಟರ್ ಫೋರ್ಡ್ ಟ್ರಾನ್ಸಿಟ್ ಕಸ್ಟಮ್ ಅನ್ನೋ ಸಾಮಾನು ವ್ಯಾನಿನ ಜೊತೆ ಹುಟ್ಟಿತು. ಅಣ್ಣ ತಮ್ಮ ಬೇರೆ ಮನೆ ಮಾಡಿದರು, ಅಷ್ಟೇ.

ಆದರೆ ಎಂಟು ಜನ ಕೂತು ಅವರ ಲಗೇಜೂ ಹಿಂದೆ ಹೋಗಬೇಕು ಅಂದ್ರೆ ನನ್ನ ವೋಟು ಗೂಡ್ಸ್ ವಂಶಕ್ಕೇ. ಅದೂ ವಿ-ಕ್ಲಾಸ್ ಅಲ್ಲ, ವಿಟೊದಲ್ಲೇ ಕಿಟಕಿ, ಸೀಟು ಇರೋ ಟೂರರ್. ಒಳಗೆ ಪ್ಲಾಸ್ಟಿಕ್ಕು ಜಾಸ್ತಿ, ಆದ್ರೆ ಕೆಸರು ಕಾಲಿಟ್ಟರೆ ಎದೆ ಧಸಕ್ ಅನ್ನಲ್ಲ. ಯಾವುದೇ ವ್ಯಾನ್ ನೋಡೋಕೆ ಹೋದರೂ ಕೀ ಬೇರೆಯವರ ಕೈಗೆ ಕೊಟ್ಟು ನೀವು ಕೊನೇ ಸಾಲಲ್ಲಿ ಕೂತ್ಕೊಳ್ಳಿ. ಒಂದೆರಡು ಹಂಪ್ ಹಾರಿಸೋಕೆ ಹೇಳಿ, ಮುಂದಿನ ಸಾಲಿನವರ ಜೊತೆ ಮಾತಾಡಿ ನೋಡಿ. ಕೂಗಬೇಕಾಯ್ತಾ?