ಈ ವಾರ ನಿಮ್ಮ ಸರದಿ

ಫಾರಿನ್‌ಗೆ ಹೋಗಿ ಬಂದವರನ್ನು ನಮ್ಮ ತುಮಕೂರಿನಲ್ಲಿ ಎರಡೇ ಪ್ರಶ್ನೆ ಕೇಳುತ್ತಾರೆ. ಏನು ತಂದಿರಿ? ಊಟಕ್ಕೆ ಏನು ಮಾಡಿಕೊಂಡಿರಿ? ಅಲ್ಲಿ ಏನೇನು ಎಡವಟ್ಟು ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಕೇಳಬೇಕಾದ್ದು ಅದನ್ನೇ. ಜರ್ಮನಿಯಲ್ಲಿ ನೀವು ನೆಟ್ಟಗೆ ನಡೆದುಕೊಂಡರೆ ಯಾರೂ ಮಾತಾಡಿಸುವುದಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಒಂದು ಹಲೋ, ಅಷ್ಟೆ. ಏನಾದರೂ ಎಡವಟ್ಟು ಮಾಡಿ ನೋಡಿ, ಇಡೀ ಬಿಲ್ಡಿಂಗೇ ಬಾಗಿಲು ತೆಗೆಯುತ್ತದೆ. ಆ ಲೆಕ್ಕದಲ್ಲಿ ಸ್ಟುಟ್‌ಗಾರ್ಟಿನಲ್ಲಿ ನಮ್ಮ ಯಜಮಾನರಷ್ಟು ಬೇಗ ಸ್ನೇಹ ಸಂಪಾದಿಸಿದವರು ಇರಲಿಕ್ಕಿಲ್ಲ.

ಶುರುವಾಗಿದ್ದು ಮಾತ್ರ ಇಲ್ಲೇ, ಮಂಡಿಪೇಟೆಯಲ್ಲಿ. "ಅಮ್ಮಾ, ಇಲ್ಲಿ ಇಂಡಕ್ಷನ್ ಒಲೆ. ಅಲ್ಯೂಮಿನಿಯಂ ಕುಕ್ಕರ್ ತರಬೇಡಿ, ಬಿಸಿಯೇ ಆಗಲ್ಲ. ತಳಕ್ಕೆ ಆಯಸ್ಕಾಂತ ಅಂಟೋ ಅಂಥದ್ದು ತನ್ನಿ" ಅಂತ ಮಗ ಫೋನಿನಲ್ಲಿ ಹೇಳಿದ. ಯಜಮಾನರು ಫ್ರಿಜ್ಜಿನ ಮೇಲಿದ್ದ ತಿರುಪತಿ ತಿಮ್ಮಪ್ಪನ ಮ್ಯಾಗ್ನೆಟ್ ಕಿತ್ತುಕೊಂಡು ಹೊರಟೇಬಿಟ್ಟರು. ಅಂಗಡಿಯಲ್ಲಿ ಒಂದೊಂದೇ ಕುಕ್ಕರನ್ನು ಬೋರಲು ಹಾಕುವುದು, ತಳಕ್ಕೆ ತಿಮ್ಮಪ್ಪನನ್ನು ಇಡುವುದು, ಜಾರಿ ಬಿದ್ದರೆ "ಇದು ಬೇಡ" ಅನ್ನುವುದು. ಅಂಗಡಿಯವರು ತುಂಬಾ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಸ್ವಾಮಿ, ಇನ್ನೂ ಅಪ್ಪಣೆ ಆಗಲಿಲ್ವಾ?"

ಮಿಕ್ಸಿ ವಿಷಯದಲ್ಲಿ ದೇವರು ಬೇಕಾಗಲಿಲ್ಲ. ಅಲ್ಲೂ ನಮ್ಮ ಹಾಗೇ 230 ವೋಲ್ಟು, ಹಾಗಾಗಿ ಮೋಟಾರಿಗೆ ತೊಂದರೆಯಿಲ್ಲ. ಆದರೆ ಸಾಕೆಟ್ಟಿಗೆ ಎರಡೇ ತೂತು, ನಮ್ಮ ಮೂರು ಪಿನ್ನು ಹೋಗುವುದಿಲ್ಲ. ಎಲ್ಲ ದೇಶಕ್ಕೂ ಆಗುತ್ತೆ ಅಂತ ಇಲ್ಲಿ ಕೊಟ್ಟ ಅಡಾಪ್ಟರು ಆ ಒಂದು ದೇಶದಲ್ಲಿ ನಿಲ್ಲಲಿಲ್ಲ. ಒಬ್ಬರು ಅದನ್ನು ಗೋಡೆಗೆ ಒತ್ತಿ ಹಿಡಿದರೆ ಇನ್ನೊಬ್ಬರು ರುಬ್ಬಬೇಕು. ಒತ್ತಿ ಹಿಡಿಯುವ ಕೆಲಸ ಮಗನದಾಯಿತು. ಅವನು ಇಂಜಿನಿಯರು.

ಇನ್ನು ಬಾಟಲಿ. ಆ ದೇಶದಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿ ಕೊಂಡರೆ 25 ಸೆಂಟು ಡಿಪಾಸಿಟ್ ಸೇರಿಸಿ ತಗೊಳ್ತಾರೆ. 2003ರಿಂದ ಇರುವ ಪದ್ಧತಿ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರದ ಬಾಯಿಗೆ ಇಟ್ಟರೆ ಅದು ನುಂಗಿಕೊಂಡು ಚೀಟಿ ಕೊಡುತ್ತದೆ. ಕೌಂಟರಿನಲ್ಲಿ ಚೀಟಿ ಕೊಟ್ಟರೆ ದುಡ್ಡು ವಾಪಸ್. ಒಂದೊಂದು ಬಾಟಲಿಗೂ ಇಪ್ಪತ್ತು ರೂಪಾಯಿಗಿಂತ ಜಾಸ್ತಿ, ಬಿಡುವುದುಂಟೇ? ಯಜಮಾನರು ಚೀಲ ತುಂಬಿಕೊಂಡು ಹೋದರು. ಆದರೆ ಬಳಸಿದ ಮೇಲೆ ಜಜ್ಜಿ ಬಿಸಾಡಿ ಅಂತ ನಮ್ಮ ಬಾಟಲಿಗಳ ಮೇಲೆ ಬರೆದಿರುತ್ತಾರಲ್ಲ, ಅದನ್ನು ಇಡೀ ಭಾರತದಲ್ಲಿ ಪಾಲಿಸುವವರು ಇವರೊಬ್ಬರೇ. ಆ ಚೀಲದ ಬಾಟಲಿಗಳನ್ನೂ ಬಿಡದೆ ತುಳಿದು ಚಪ್ಪಟೆ ಮಾಡಿದ್ದರು. ಯಂತ್ರಕ್ಕೆ ಲೇಬಲ್ಲಿನ ಗುರುತು ಓದಲಾಗದೆ ಒಂದೊಂದನ್ನೂ ವಾಪಸ್ ಉಗುಳಿತು. ಹಿಂದೆ ಉದ್ದ ಕ್ಯೂ. ಕಿವಿಗೆ ರಿಂಗು ಹಾಕಿದ್ದ ಒಬ್ಬ ಹುಡುಗ ಮುಂದೆ ಬಂದು, ಬಾಟಲಿಯ ಬಾಯಿಗೆ ಬಾಯಿಟ್ಟು ಊದಬೇಕು ಅಂತ ಸನ್ನೆ ಮಾಡಿ ತೋರಿಸಿದ. ಇವರು ಊದಿದರು. ಬಾಟಲಿ ಟಪ್ ಅಂತ ಉಬ್ಬಿತು, ಯಂತ್ರ ನುಂಗಿತು. ಕ್ಯೂನಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಮ್ಮವರಿಗೆ ಹುರುಪು ಬಂದು, ಚೀಲ ಖಾಲಿಯಾಗುವವರೆಗೂ ಊದಿದರು. ಮನೆಗೆ ಬಂದ ಮೇಲೆ ಕೆನ್ನೆ ನೋವು ಅಂತ ಬರೀ ಮೊಸರನ್ನ ತಿಂದರು. ಆ ಹುಡುಗ ಆಮೇಲೆ ಟ್ರಾಮಿನಲ್ಲಿ ಸಿಕ್ಕಾಗಲೆಲ್ಲ ಕೆನ್ನೆ ಉಬ್ಬಿಸಿ ನಮಸ್ಕಾರ ಹೇಳುತ್ತಿದ್ದ.

ಆದರೆ ದೊಡ್ಡ ಸ್ನೇಹ ಆಗಿದ್ದು ತೆಂಗಿನಕಾಯಿಯಿಂದ. ಇವರು ತಿಪಟೂರು ಸೀಮೆಯವರು, ಕಾಯಿಗೆ ದುಡ್ಡು ಕೊಟ್ಟು ಅಭ್ಯಾಸವೇ ಇಲ್ಲ. ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಯೂರೋ ಎಣಿಸಿ ಕೊಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿ, ಉಗುರಲ್ಲಿ ತಟ್ಟಿ, ಕೂಸಿನ ಹಾಗೆ ಎತ್ತಿಕೊಂಡು ಬಂದರು. ಮಾರನೇ ದಿನ ಭಾನುವಾರ. ಇಡ್ಲಿಗೆ ಚಟ್ನಿ ಆಗಬೇಕು. ಕಾಯಿ ಒಡೆಯುವುದೆಲ್ಲಿ? ಮನೆಯ ನೆಲ ಮರದ್ದು, ಒಲೆ ಗಾಜಿನದು. ಕಲ್ಲು ಅಂತ ಇದ್ದದ್ದು ಹೊರಗಿನ ಮೆಟ್ಟಿಲು ಒಂದೇ. ಇವರು ಪಂಚೆ ಎತ್ತಿ ಕಟ್ಟಿ, "ಗಣೇಶಾ" ಅಂತ ಎತ್ತಿ ಒಂದೇಟು ಹಾಕಿದರು. ಸದ್ದು ಕೆಳಗಿನ ಸೆಲ್ಲಾರಿಗೆ ಹೋಗಿ, ಮೇಲಿನ ಮಹಡಿಗೆ ಹತ್ತಿ, ತಿರುಗಿ ಬಂತು. ಕಾಯಿನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು.

ಮೊದಲು ಬಾಗಿಲು ತೆಗೆದಿದ್ದು ಕೆಳಗಿನ ಮನೆಯ ಅಜ್ಜಿ. ತಮ್ಮ ಬಾಗಿಲಿಗೆ ನೇತುಹಾಕಿದ್ದ ಒಂದು ಪುಟ್ಟ ಬೋರ್ಡು ತೋರಿಸಿ ಏನೋ ಉದ್ದಕ್ಕೆ ಹೇಳಿದರು. ಇವರಿಗೆ ಯಾವ ದೇವರಿಗೆ ಒಡೆದಿದ್ದು ಅಂತ ಕೇಳಿದ ಹಾಗೆ ಅನ್ನಿಸಿರಬೇಕು. ಎರಡೂ ಕೈಯಲ್ಲಿ ಹಿಡಿದು ಒಂದು ಹೋಳು ಪ್ರಸಾದ ಕೊಡಲು ಹೋದರು. ಅಜ್ಜಿ ಹೋಳನ್ನು ನೋಡಿದರು, ಮೆಟ್ಟಿಲನ್ನು ನೋಡಿದರು, ಒಳಗೆ ಹೋಗಿ ಬಕೆಟ್ಟು ಮಾಪು ತಂದರು. ಇವರಿಗೆ ತಡೆಯಲಿಲ್ಲ. "ಅಯ್ಯೋ, ನೀವು ಹಿರಿಯರು, ಬಿಡಿ ಅಜ್ಜಿ" ಅಂತ ಕನ್ನಡದಲ್ಲೇ ಹೇಳಿ ಮಾಪು ಕಿತ್ತುಕೊಂಡರು. ಸೋಮೇಶ್ವರಪುರದ ಮನೆಯಲ್ಲಿ ಮಾಪು ಯಾವ ಮೂಲೆಯಲ್ಲಿರುತ್ತೆ ಅಂತ ಗೊತ್ತಿಲ್ಲದ ಮನುಷ್ಯ ಅಲ್ಲಿ ಮೇಲಿಂದ ಕೆಳಗಿನವರೆಗೂ ಒರೆಸಿದರು. ಅಜ್ಜಿ ಪಕ್ಕದಲ್ಲೇ ನಿಂತು ಮೂಲೆ ಮೂಲೆಗೆ ಬೆರಳು ತೋರಿಸಿದರು. ನಾನು ಬಾಗಿಲ ಸಂದಿಯಿಂದ ವಿಡಿಯೋ ಮಾಡಿಕೊಂಡೆ.

ಮಗ ತಲೆ ಚಚ್ಚಿಕೊಂಡ. "ಅಪ್ಪಾ, ಭಾನುವಾರ ಇಲ್ಲಿ ಸದ್ದೇ ಮಾಡಬಾರದು. ವಿಶ್ರಾಂತಿಯ ದಿನ ಅಂತ 1919ರ ಸಂವಿಧಾನದಲ್ಲೇ ಬರೆದಿದ್ರು. ಈಗಿನ ಸಂವಿಧಾನದಲ್ಲೂ ಅದನ್ನ ಹಾಗೇ ಇಟ್ಕೊಂಡಿದ್ದಾರೆ." ಬೋರ್ಡಿನ ಹೆಸರು ಕೇರ್‌ವೋಖೆ. ಅದು ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಆ ಮನೆಯವರದು. ಚಳಿಗಾಲದಲ್ಲಿ ಮನೆ ಮುಂದಿನ ಹಿಮವನ್ನೂ ಎತ್ತಬೇಕು. ಇದರ ಬೇರು 1492ರ ಸ್ಟುಟ್‌ಗಾರ್ಟ್ ನಗರದ ಕಾಯಿದೆಯಲ್ಲಿದೆ ಅಂತಾರೆ. ಇಷ್ಟು ಹಳೇ ಕಾಯಿದೆ ಇದ್ದರೆ ಯಾಕೆ ಮೊದಲೇ ಹೇಳಲಿಲ್ಲ ಅಂತ ಇವರು ಮಗನನ್ನೇ ಬೈದರು.

ಸರದಿ ನಮ್ಮ ಬಾಗಿಲಿಗೆ ಬಂದಾಗ ಅಜ್ಜಿ ತಾವೇ ಮೇಲೆ ಬಂದು ತಪಾಸಣೆ ಮಾಡಿದರು. ಪಾಸಾಯಿತು. ಕೊಬ್ಬರಿ ಮಿಠಾಯಿ ಕೊಟ್ಟೆ, ಒಂದು ತಿಂದು ಇನ್ನೆರಡನ್ನು ಪೇಪರ್ ಕರವಸ್ತ್ರದಲ್ಲಿ ಸುತ್ತಿಕೊಂಡರು. ಮುಂದಿನ ಸಲ ಸೇಬಿನ ಕೇಕು ತಂದರು. ಚಟ್ನಿಪುಡಿ ಮಾತ್ರ ಅವರಿಗೆ ಆಗಿಬರಲಿಲ್ಲ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೂ ಡಬ್ಬಿ ಮಾತ್ರ ವಾಪಸ್ ಕೊಡಲಿಲ್ಲ. ಈಗ ಯಾರು ಮನೆಗೆ ಬಂದರೂ ಅದನ್ನು ಚಿಟಿಕೆ ತಿನ್ನಿಸಿ ನೋಡ್ತಾರಂತೆ, ಮಗ ಹೇಳಿದ.

ತುಮಕೂರಿಗೆ ಬಂದ ಮೇಲೆ ಇವರಿಗೆ ಊರು ಸರಿಹೋಗಲಿಲ್ಲ. ಗುಜರಿಯವನಿಗೆ ಬಾಟಲಿಗಳನ್ನು ಊದಿ ಉಬ್ಬಿಸಿ ಕೊಟ್ಟರು. "ಸಾರ್, ನಮ್ದು ಕೆಜಿ ಲೆಕ್ಕ. ಉಬ್ಬಿಸಿದ್ರೂ ಅಷ್ಟೇ ತೂಕ" ಅಂದ ಅವನು. ಆಮೇಲೆ ಬೀದಿ ಗುಡಿಸುವ ವಿಷಯಕ್ಕೆ ಕೈ ಹಾಕಿದರು. ಹಳೇ ರಟ್ಟಿಗೆ ಬಣ್ಣ ಹಚ್ಚಿ, ದಾರ ಕಟ್ಟಿ, "ಈ ವಾರ ನಿಮ್ಮ ಸರದಿ" ಅಂತ ದಪ್ಪಗೆ ಬರೆದು, ನನಗೂ ಹೇಳದೆ ಪಕ್ಕದ ಮನೆ ಗೇಟಿಗೆ ನೇತುಹಾಕಿ ಬಂದರು.

ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ವಾರದ ಚೀಟಿ ಹಾಕುತ್ತೇವೆ. ಲೆಕ್ಕದ ಪುಸ್ತಕ ಇರುವುದು ನನ್ನ ಹತ್ತಿರ. ಬೆಳಗ್ಗೆ ಏಳಕ್ಕೇ ಪಕ್ಕದ ಮನೆಯಾಕೆ ಬೋರ್ಡು ಹಿಡಿದುಕೊಂಡು, ಮುಖವೆಲ್ಲ ನಗುವಾಗಿ ಬಂದರು.

"ಆಂಟಿ, ಚೀಟಿ ನಮಗೇ ಬಂತಾ? ಹೇಳೋದಲ್ವಾ, ಬೋರ್ಡ್ ಬೇರೆ ಹಾಕಿಸಿದ್ದೀರಿ! ದುಡ್ಡು ಈಗಲೇ ಕೊಡ್ತೀರಾ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಯಜಮಾನರು ಒಳಗಿಂದ ಬಂದು ಅವರ ಕೈಗೆ ಪೊರಕೆ ಕೊಟ್ಟರು.