ಬೆರಳು ತೋರಿಸಿ, ದಂಡ ತಪ್ಪಿಸಿ

ಪ್ರಾಚೀನ ರೋಮ್‌ನಲ್ಲಿ ಖಾನಾವಳಿ ಇಡಬೇಕಾದರೆ ಪಾತ್ರೆ, ಸೌದೆ ಆಮೇಲೆ. ಮೊದಲು ಬೇಕಾದದ್ದು ಚಿನ್ನದ ಉಂಗುರ. ಅಧಿಕಾರಿ ದಂಡ ಹಾಕಲು ಬಂದರೆ ಮಾತು ಬೇಡ, ಜಗಳ ಬೇಡ. ಸುಮ್ನೆ ಬೆರಳು ತೋರಿಸುವುದು. ದೊಡ್ಡವರ ಮೇಲೆ ಯಾರು ಕೈ ಹಾಕುತ್ತಾರೆ, ಅಲ್ವಾ?

ಅಲ್ಲಿ ಚಿನ್ನದ ಉಂಗುರ ಒಡವೆಯಾಗಿರಲಿಲ್ಲ, ಪರವಾನಗಿಯಾಗಿತ್ತು. ಬಹಳ ಹಿಂದೆ ಹೊರನಾಡಿಗೆ ಹೋಗುವ ರಾಯಭಾರಿಗಳಿಗೆ ಅದನ್ನು ಸರ್ಕಾರವೇ ಕೊಡುತ್ತಿತ್ತು. ಅವರೂ ಬೀದಿಗೆ ಬಂದಾಗ ಮಾತ್ರ ಚಿನ್ನ ಹಾಕಿ, ಮನೆಯೊಳಗೆ ಕಬ್ಬಿಣದ ಉಂಗುರದಲ್ಲೇ ಇರುತ್ತಿದ್ದರು. ಆಮೇಲೆ ಅದು ಈಕ್ವೈಟ್ ಎಂಬ ಸಿರಿವಂತ ವರ್ಗದ ಗುರುತಾಯಿತು. ಗುರುತು ಬೆರಳಲ್ಲಿ ಹಾಕಿಕೊಳ್ಳುವಂಥದ್ದಾದರೆ ಅಕ್ಕಸಾಲಿಗನ ಹತ್ತಿರವೂ ಸಿಗುತ್ತದೆ ಎಂಬುದು ಸೆನೆಟ್‌ಗೆ, ಅಂದರೆ ಅಲ್ಲಿನ ಹಿರಿಯರ ಆಡಳಿತ ಸಭೆಗೆ, ಹೊಳೆಯಲು ಸ್ವಲ್ಪ ತಡವಾಯಿತು. ಅಷ್ಟರಲ್ಲಿ ಖಾನಾವಳಿಯವರಿಗೆ ಹೊಳೆದಿತ್ತು. ಗಾಲ್ಬಾ ಎಂಬ ಮಹಾಶಯರು ಸೆನೆಟ್‌ನಲ್ಲಿ ಗೋಳಾಡಿದರು: ನಾನು ದಂಡ ಹಾಕಿದರೆ ಇವರು ಉಂಗುರ ತೋರಿಸಿ ತಪ್ಪಿಸಿಕೊಳ್ಳುತ್ತಾರೆ!

ಸರಿ, ಕ್ರಿ.ಶ. 23ರಲ್ಲಿ, ಚಕ್ರವರ್ತಿ ಟೈಬೀರಿಯಸ್ ಕಾಲದಲ್ಲಿ, ನಿಯಮ ಬಂತು. ಚಿನ್ನದ ಉಂಗುರ ಹಾಕಬೇಕೇ? ನೀವು ಹುಟ್ಟಿನಿಂದ ಸ್ವತಂತ್ರರಾಗಿರಬೇಕು. ನಿಮ್ಮ ಅಪ್ಪ, ತಾತನೂ ಹಾಗೇ ಇರಬೇಕು. 4 ಲಕ್ಷ ಸೆಸ್ಟರ್ಸ್ (ರೋಮ್‌ನ ನಾಣ್ಯ) ಆಸ್ತಿ ಇರಬೇಕು. ನಾಟಕಶಾಲೆಯ ಮೊದಲ 14 ಸಾಲಿನಲ್ಲಿ ಕೂರುವ ಹಕ್ಕೂ ಇರಬೇಕು. ಒಬ್ಬ ಸಾಮಾನ್ಯ ಸೈನಿಕನ ವರ್ಷದ ಸಂಬಳ ಆಗ 900 ಸೆಸ್ಟರ್ಸ್. ಊಟ, ಬಟ್ಟೆ ಎಲ್ಲ ಬಿಟ್ಟು ಉಳಿಸಿದರೆ 445ನೇ ವರ್ಷದಲ್ಲಿ ಅವನೂ ಅರ್ಹ. ತಾತನ ವಿಷಯ ಮಾತ್ರ ಬೇರೆ ನೋಡಿಕೊಳ್ಳಬೇಕು.

ಕಾನೂನು ಬಂದ ಮೇಲೆ ಏನಾಯಿತು? ಉಂಗುರಕ್ಕೆ ಇಷ್ಟು ಬೆಲೆ ಇದೆ ಅಂತ ಗೊತ್ತಿಲ್ಲದವರಿಗೂ ಗೊತ್ತಾಯಿತು! ಬಿಡುಗಡೆಯಾದ ಗುಲಾಮರೂ ಹಾಕಿದರು. ಬಿಡುಗಡೆಯಾಗದವರು ಕಬ್ಬಿಣಕ್ಕೇ ಚಿನ್ನ ಹೊದಿಸಿಕೊಂಡರು. ಮುಂದೆ ಚಕ್ರವರ್ತಿ ಕ್ಲಾಡಿಯಸ್ ಕಾಲದಲ್ಲಿ ಅಸಲಿ ಈಕ್ವೈಟ್ ಒಬ್ಬರು ತಾಳ್ಮೆ ಕಳೆದುಕೊಂಡು ಒಟ್ಟು 400 ಜನರ ಮೇಲೆ ದೂರು ಕೊಟ್ಟರು. ಇಡೀ ಊರಿನ ಬೆರಳು ನೋಡಿಕೊಂಡು ತಿರುಗುವಷ್ಟು ಪುರುಸೊತ್ತು ಇದ್ದದ್ದೇ ಅವರ ಸಿರಿವಂತಿಕೆಗೆ ಸಾಕ್ಷಿ. ಬೇರೆ ದಾಖಲೆ ಯಾಕೆ ಬೇಕು?

ಟೈಬೀರಿಯಸ್‌ಗೆ ಇನ್ನೊಂದು ಚಿಂತೆಯೂ ಇತ್ತು. ಹೆಂಗಸರ ರತ್ನದ ಹುಚ್ಚಿನಿಂದ ನಮ್ಮ ಹಣವೆಲ್ಲ ಪರದೇಶಕ್ಕೆ, ಶತ್ರುಗಳಿಗೆ ಹೋಗುತ್ತಿದೆ ಅಂತ ಹಿಂದಿನ ವರ್ಷವಷ್ಟೇ ಸೆನೆಟ್‌ಗೆ ಬರೆದಿದ್ದ. (ಅವನ ಬೆಳ್ಳಿ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿದೆ. ಶತ್ರುಗಳು ನಾವೇ ಇರಬೇಕು.) ಆದರೂ ನಿಯಮ ಬಂದದ್ದು ಮಾತ್ರ ಉಂಗುರಕ್ಕೆ. ಅದಕ್ಕೇ ಲೊಲ್ಲಿಯಾ ಪೌಲೀನಾ ಎಂಬ ಮಹಾತಾಯಿ ಒಂದು ಸಾಧಾರಣ ನಿಶ್ಚಿತಾರ್ಥದ ಊಟಕ್ಕೆ ತಲೆ, ಕಿವಿ, ಕತ್ತು, ಬೆರಳು ತುಂಬ ಪಚ್ಚೆ, ಮುತ್ತು ಹೇರಿಕೊಂಡು ಬಂದರು. ಬೆಲೆ 4 ಕೋಟಿ ಸೆಸ್ಟರ್ಸ್. ಅಂದರೆ 100 ಜನರನ್ನು ಉಂಗುರಕ್ಕೆ ಅರ್ಹರನ್ನಾಗಿ ಮಾಡುವಷ್ಟು ಆಸ್ತಿ ಒಂದೇ ಎಲೆಯ ಮುಂದೆ ಕೂತು ಉಣ್ಣುತ್ತಿತ್ತು. ಯಾರಿಗಾದರೂ ಅನುಮಾನವಿದ್ದರೆ ಲೆಕ್ಕಪತ್ರ ತೋರಿಸಲೂ ಆಕೆ ತಯಾರು. ಆ ಹಣ ತಾತ ಹೊರನಾಡುಗಳಲ್ಲಿ ಕೊಳ್ಳೆ ಹೊಡೆದದ್ದು ಅಂತ ರೋಮ್‌ನ ಬರಹಗಾರ ಹಿರಿಯ ಪ್ಲಿನಿ ಬರೆದಿದ್ದಾನೆ. ಇರಲಿ ಬಿಡಿ, ಬಿಲ್ ಇತ್ತಲ್ಲ. ಖಾನಾವಳಿಯವನ ತಾತನನ್ನು ವಿಚಾರಿಸುವ ನಿಯಮ ಈ ತಾತನ ಮೊಮ್ಮಗಳ ಮುತ್ತಿಗೆ ಇರಲಿಲ್ಲ.

ಕೊನೆಗೆ ಚಕ್ರವರ್ತಿಗಳೇ ಸೋತರು. ಸೆಪ್ಟಿಮಿಯಸ್ ಸೆವೆರಸ್ ತನ್ನ ಸೈನಿಕರಿಗೆ ಚಿನ್ನದ ಉಂಗುರ ಹಾಕಲು ಅಪ್ಪಣೆ ಕೊಟ್ಟ. 445 ವರ್ಷ ಕಾಯುವ ಕೆಲಸ ತಪ್ಪಿತು. 539ರಲ್ಲಿ ಜಸ್ಟಿನಿಯನ್ ಬಿಡುಗಡೆಯಾದ ಗುಲಾಮರಿಗೆಲ್ಲ ಆ ಹಕ್ಕು ಕೊಟ್ಟು, ಅರ್ಜಿ ಹಾಕುವುದೂ ಬೇಡ ಅಂದುಬಿಟ್ಟ. ಉಂಗುರದ ಕಡತ ಮುಗಿಯಲು ಬರೀ 516 ವರ್ಷ. ಸರ್ಕಾರಿ ಕೆಲಸಕ್ಕೆ ಇದೇನು ಜಾಸ್ತಿಯಲ್ಲ.