ಪದಕದ ಮೇಲೆ ಇಸವಿ ಹಾಕಲು ಏನು ಕಷ್ಟ?

ಹಳೆ ಪದಕ ಕಪ್ಪಾಗುತ್ತದೆ ಅಂತ ನನಗೆ ಬೇಜಾರಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕೆಲವು ಪದಕಗಳೇ ಬಣ್ಣ ಬಿಟ್ಟು, ಬದಲಿಸಿ ಕೊಡಬೇಕಾಯಿತು. ಇನ್ನು ನಮ್ಮ ಕ್ರೀಡಾಕೂಟದ ತಗಡು ಎಷ್ಟು ದಿನ ಹೊಳೆಯುತ್ತದೆ?

ಸಿಟ್ಟು ಬರುವುದು ಅದರ ಮೇಲೆ ಏನೂ ಬರೆದಿಲ್ಲ ಅಂತ. ಒಂದು ಕಡೆ ಓಡುವ ಮನುಷ್ಯ, ಇನ್ನೊಂದು ಕಡೆ 'ಪ್ರಥಮ'. ಯಾವುದರಲ್ಲಿ ಪ್ರಥಮ? 800 ಮೀಟರ್ ಓಟವಾ, ಉದ್ದ ಜಿಗಿತವಾ? ಗುಂಡು ಎಸೆದವನಿಗೂ ಅದೇ ಓಡುವ ಮನುಷ್ಯ!

ನನ್ನ ಹತ್ತಿರ ಇರುವ ಒಂದರ ಮೇಲೆ 'ಗುಲ್ಬರ್ಗ ಜಿಲ್ಲೆ' ಅಂತ ಇದೆ. ಅಂದರೆ 2014ರ ನವೆಂಬರ್‌ನಲ್ಲಿ ಕಲಬುರಗಿ ಅಂತ ಹೆಸರು ಬದಲಾಗುವ ಮೊದಲಿನದು. ಆ ಸಲ ಸುರಪುರ, ಶಹಾಪುರದ ಹುಡುಗರೂ ನಮ್ಮ ಜೊತೆ ಜಿಲ್ಲಾ ಮಟ್ಟದಲ್ಲಿ ಓಡಿದ್ದು ನೆನಪಿದೆ, ಆ ಊರುಗಳು ಈಗ ಸೇರಿರುವ ಯಾದಗಿರಿ ಬೇರೆ ಜಿಲ್ಲೆ ಆಗಿದ್ದು 2009ರ ಕೊನೆಗೆ, ಹಾಗಾಗಿ ಅದಕ್ಕೂ ಹಿಂದಿನದೇ ಇರಬೇಕು. ನಾನು ಓಡಿದ ಓಟದ ವರ್ಷ ಹುಡುಕಲು ಜಿಲ್ಲೆಯ ಇತಿಹಾಸ ತೆಗೆಯಬೇಕಾ?

ಪ್ರಮಾಣಪತ್ರ ನೋಡು ಅನ್ನುತ್ತಾರೆ. ಅದರಲ್ಲಿ ಕೈಯಲ್ಲಿ ಬರೆದ ಶಾಯಿ ಪೂರ್ತಿ ಮಾಸಿದೆ, ಮುಖ್ಯ ಅತಿಥಿಯ ಸಹಿ ಮಾತ್ರ ಗಟ್ಟಿಯಾಗಿ ನಿಂತಿದೆ. (ಅವರು ಬಂದಿದ್ದೇ ಲೇಟು. ಬಿಸಿಲು ಏರುವ ಮೊದಲು ಓಡಬೇಕಿದ್ದ ನಮ್ಮನ್ನು ಸುಡುವ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿದ್ದರು.)

ಈಗಿನ ಕೂಟಗಳಲ್ಲೂ ಇದೇ ಕಥೆ. ಬ್ಯಾನರ್ ಮೇಲೆ ಅತಿಥಿಗಳ ಹೆಸರು, ಫೋಟೋ ಅಷ್ಟು ದೊಡ್ಡದಾಗಿ ಹಾಕಿಸುತ್ತೀರಿ. ಪದಕದ ಹಿಂದೆ ಸ್ಪರ್ಧೆಯ ಹೆಸರು, ಇಸವಿ ಇರುವ ಸಣ್ಣ ಸ್ಟಿಕ್ಕರ್ ಅಂಟಿಸಲು ಆಗಲ್ವಾ?